ಮೈಟೊಕಾಂಡ್ರಿಯ ದಾನವೂ ರಾಜ್ಯಶಾಸನವೂ: ಬ್ರಿಟನ್ನಿನ ಅನುಭವ

೧

ರೋಗಕ್ಕೆ ಮದ್ದು ಹುಡುಕುವುದು ವೈದ್ಯನ ಕಾರ್ಯ, ಪ್ರಜೆಗಳ ಕ್ಷೇಮವನ್ನು ಕಾಯುವುದು ರಾಜ್ಯದ ಕಾರ್ಯ ಎಂಬ ವಿಭಾಗ ಬಹುಕಾಲ ಹೆಚ್ಚಿನ ತೊಡಕಿಲ್ಲದೆ ನಡೆದುಬಂದಿತು. ಹೊಸ ಮದ್ದೊಂದು ಬಂದರೆ ರೋಗಿಯು ಅದನ್ನು ಒಪ್ಪಬಹುದು, ಬಿಡಬಹುದು. ಅದರ ಫಲಾಫಲಗಳು ಬಹಳಮಟ್ಟಿಗೆ ಅವನಲ್ಲಿಯೇ ಮುಗಿಯುತ್ತವೆ. ಆದರೆ ಇನ್ನೂ ಹುಟ್ಟದಿರುವ ಮಗುವಿನ ಜೀವಕೋಶಗಳಲ್ಲಿ ಒಂದು ಅಂಶವನ್ನೇ ಬದಲಾಯಿಸುವ, ಆ ಬದಲಾವಣೆ ಅದರ ಸಂತತಿಗೂ ಇಳಿಯಬಹುದಾದ ವಿಧಾನವೊಂದು ಬಂದರೆ, ಅದಕ್ಕೆ ಒಪ್ಪಿಗೆ ಕೊಡತಕ್ಕವರು ಯಾರು? ತಾಯಿಯೆ, ವೈದ್ಯನೆ, ರಾಜ್ಯವೆ? ಈ ಪ್ರಶ್ನೆಯನ್ನು ಎದುರಿಸಿ, ಅದಕ್ಕೆ ಶಾಸನರೂಪದಲ್ಲಿ ಉತ್ತರ ಕೊಟ್ಟ ಮೊದಲ ದೇಶ ಬ್ರಿಟನ್ನು. ಮೈಟೊಕಾಂಡ್ರಿಯ ರೋಗವು ತಾಯಿಯಿಂದ ಮಗುವಿಗೆ ಇಳಿಯದಂತೆ ತಡೆಯುವ ವಿಧಾನಕ್ಕೆ ಆ ದೇಶದ ಪಾರ್ಲಿಮೆಂಟು ೨೦೧೫ರಲ್ಲಿ ಅನುಮತಿ ನೀಡಿತು.

ಪತ್ರಿಕೆಗಳಲ್ಲಿ ‘ಮೂವರು ತಂದೆತಾಯಿಗಳ ಮಗು’ ಎಂಬ ಹೆಸರಿನಿಂದ ಈ ವಿಷಯ ನಮ್ಮ ವಿದ್ಯಾರ್ಥಿಗಳಿಗೂ ಪರಿಚಿತವಾಗಿದೆ. ಇದರ ವೈದ್ಯಕೀಯ ಗುಣದೋಷಗಳನ್ನು ತೀರ್ಮಾನಿಸುವ ಅಧಿಕಾರ ಇತಿಹಾಸದ ಅಧ್ಯಾಪಕರಾದ ನಮಗಿಲ್ಲ. ಆದರೆ ಒಂದು ಸಮಾಜವು ತನಗೆ ಪೂರ್ಣವಾಗಿ ತಿಳಿಯದಿರುವ ವಸ್ತುವಿನ ಬಗ್ಗೆ ಯಾವ ಕ್ರಮದಿಂದ ನಿರ್ಣಯಕ್ಕೆ ಬಂದಿತು ಎಂಬುದು ಇತಿಹಾಸದ ಪ್ರಶ್ನೆಯೇ ಸರಿ. ಆ ಕ್ರಮವನ್ನು ವಿವರಿಸಿ, ಅದರ ಬಲವನ್ನೂ ಕೊರತೆಯನ್ನೂ ತೋರಿಸುವುದು ಈ ಲೇಖನದ ಉದ್ದೇಶ.

೨

ಮೊದಲು ವಿಷಯದ ಸ್ವರೂಪವನ್ನು ಸಂಕ್ಷೇಪವಾಗಿ ನೋಡೋಣ. ನಮ್ಮ ದೇಹದ ಜೀವಕೋಶಗಳಲ್ಲಿ ಆಹಾರದಿಂದ ಶಕ್ತಿಯನ್ನು ಉತ್ಪಾದಿಸುವ ಸೂಕ್ಷ್ಮಾಂಗಗಳಿಗೆ ಮೈಟೊಕಾಂಡ್ರಿಯಗಳೆಂದು ಹೆಸರು. ಕೋಶಕೇಂದ್ರದಲ್ಲಿ ಸುಮಾರು ಇಪ್ಪತ್ತು ಸಾವಿರ ಜೀನುಗಳಿದ್ದರೆ, ಮೈಟೊಕಾಂಡ್ರಿಯಗಳಿಗೆ ತಮ್ಮದೇ ಆದ ೩೭ ಜೀನುಗಳುಂಟು. ಇವು ತಂದೆಯಿಂದ ಬರುವುದಿಲ್ಲ. ತಾಯಿಯ ಅಂಡಾಣುವಿನ ಮೂಲಕವೇ ಮಗುವಿಗೆ ಬರುತ್ತವೆ. ಈ ಜೀನುಗಳಲ್ಲಿ ದೋಷವುಂಟಾದರೆ ರೋಗ ಬರುತ್ತದೆಂಬುದು ೧೯೮೮ರಲ್ಲಿ ಮೊದಲು ಸಿದ್ಧವಾಯಿತು. ಹೆಚ್ಚು ಶಕ್ತಿಯನ್ನು ಬೇಡುವ ಅಂಗಗಳಾದ ಮಿದುಳು, ಹೃದಯ, ಸ್ನಾಯು, ಕಣ್ಣುಗಳೇ ಈ ರೋಗಗಳಿಗೆ ಹೆಚ್ಚಾಗಿ ತುತ್ತಾಗುತ್ತವೆ. ಕೆಲವು ಮಕ್ಕಳು ಹುಟ್ಟಿದ ಕೆಲವೇ ದಿನಗಳಲ್ಲಿ ಸಾಯುತ್ತವೆ. ಕೆಲವರಿಗೆ ಯೌವನದಲ್ಲಿ ದೃಷ್ಟಿ ಹೋಗುತ್ತದೆ. ಮೂಲದೋಷವನ್ನು ನಿವಾರಿಸುವ ಮದ್ದು ಇಂದಿಗೂ ಇಲ್ಲ.

ಒಂದೇ ಕೋಶದಲ್ಲಿ ಸರಿಯಾದ ಮೈಟೊಕಾಂಡ್ರಿಯಗಳೂ ದೋಷಯುಕ್ತವಾದವೂ ಬೆರೆತಿರಬಹುದು. ದೋಷದ ಪ್ರಮಾಣ ಕಡಮೆಯಿದ್ದರೆ ರೋಗ ಕಾಣಿಸಿಕೊಳ್ಳದೆ ಇರಬಹುದು. ಒಂದು ಮಿತಿಯನ್ನು ಮೀರಿದರೆ ಪ್ರಕಟವಾಗುತ್ತದೆ. ಆದುದರಿಂದ ಕೆಲವು ತಾಯಂದಿರ ವಿಷಯದಲ್ಲಿ, ಪ್ರಯೋಗಶಾಲೆಯಲ್ಲಿ ಬೆಳೆಸಿದ ಹಲವು ಭ್ರೂಣಗಳನ್ನು ಪರೀಕ್ಷಿಸಿ, ದೋಷ ಕಡಮೆಯಿರುವುದನ್ನು ಆರಿಸಿ ಗರ್ಭಾಶಯದಲ್ಲಿ ಇಡುವುದು ಸಾಧ್ಯ. ಆದರೆ ಮೈಟೊಕಾಂಡ್ರಿಯಗಳೆಲ್ಲವೂ ದೋಷಯುಕ್ತವಾಗಿರುವ ತಾಯಿಗೆ ಈ ಆಯ್ಕೆಯಿಂದ ಪ್ರಯೋಜನವಿಲ್ಲ. ಅಂಥವರಿಗಾಗಿ ಎರಡು ವಿಧಾನಗಳು ರೂಪುಗೊಂಡವು. ಮೊದಲನೆಯದರಲ್ಲಿ, ಫಲೀಕರಣಕ್ಕೆ ಮುಂಚೆ ತಾಯಿಯ ಅಂಡಾಣುವಿನಿಂದ ವರ್ಣತಂತುಗಳ ಗುಂಪನ್ನು ತೆಗೆದು, ಆರೋಗ್ಯವಂತಳಾದ ದಾನಿಯ ಅಂಡಾಣುವಿನಲ್ಲಿ, ಅದರ ವರ್ಣತಂತುಗಳನ್ನು ಮೊದಲೇ ತೆಗೆದುಹಾಕಿ, ಇಡಲಾಗುತ್ತದೆ. ಎರಡನೆಯದರಲ್ಲಿ ತಾಯಿಯ ಅಂಡಾಣುವನ್ನೂ ದಾನಿಯ ಅಂಡಾಣುವನ್ನೂ ಫಲೀಕರಿಸಿ, ತಾಯಿ ಮತ್ತು ತಂದೆಯಿಂದ ಬಂದ ಎರಡು ಪೂರ್ವಕೇಂದ್ರಗಳು ಒಂದಾಗುವ ಮುನ್ನ ಅವನ್ನು ದಾನಿಯ ಕಡೆಯ ಕೋಶಕ್ಕೆ ಸಾಗಿಸಲಾಗುತ್ತದೆ. ಎರಡರಲ್ಲಿಯೂ ಫಲಿತಾಂಶ ಒಂದೇ: ಮಗುವಿನ ಕೋಶಕೇಂದ್ರದ ಜೀನುಗಳೆಲ್ಲ ತಂದೆತಾಯಿಗಳವು, ಮೈಟೊಕಾಂಡ್ರಿಯಗಳು ಬಹುತೇಕ ದಾನಿಯವು.

ಇಲ್ಲಿ ಒಂದು ಅಂಶವನ್ನು ಮರೆಯತಕ್ಕದ್ದಲ್ಲ. ಈ ವಿಧಾನವು ಈಗ ರೋಗದಿಂದ ನರಳುತ್ತಿರುವ ಯಾರನ್ನೂ ಗುಣಪಡಿಸುವುದಿಲ್ಲ. ತಾಯಿಯು ತನ್ನ ರಕ್ತಸಂಬಂಧದ, ರೋಗವಿಲ್ಲದ ಮಗುವನ್ನು ಪಡೆಯುವಂತೆ ಮಾಡುವುದೇ ಇದರ ಪ್ರಯೋಜನ. ದತ್ತು ಸ್ವೀಕಾರ, ಅಂಡಾಣುವಿನ ದಾನ ಮೊದಲಾದ ಬೇರೆ ದಾರಿಗಳಿರುವಾಗ ಇಷ್ಟು ದೂರ ಹೋಗಬೇಕೆ ಎಂಬ ಪ್ರಶ್ನೆ ಹುಟ್ಟುವುದು ಇಲ್ಲಿಯೇ.

೩

ಬ್ರಿಟನ್ನಿನ ಶಾಸನವು ಈ ಪ್ರಶ್ನೆಗಾಗಿ ಹೊಸದಾಗಿ ಹುಟ್ಟಿದುದಲ್ಲ. ೧೯೭೮ರಲ್ಲಿ ಆ ದೇಶದ ಓಲ್ಡಮ್ ಪಟ್ಟಣದಲ್ಲಿ ಪ್ರಪಂಚದ ಮೊದಲ ಪ್ರನಾಳಶಿಶು ಹುಟ್ಟಿದ ಮೇಲೆ, ೧೯೮೨ರಲ್ಲಿ ಸರ್ಕಾರವು ತತ್ತ್ವಶಾಸ್ತ್ರಜ್ಞೆ ಮೇರಿ ವಾರ್ನಾಕ್ ಅವರ ಅಧ್ಯಕ್ಷತೆಯಲ್ಲಿ ಒಂದು ವಿಚಾರಣಾ ಸಮಿತಿಯನ್ನು ನೇಮಿಸಿತು. ವೈದ್ಯರನ್ನಾಗಲಿ ನ್ಯಾಯವಾದಿಯನ್ನಾಗಲಿ ಅಧ್ಯಕ್ಷರನ್ನಾಗಿ ಮಾಡದೆ ತತ್ತ್ವಶಾಸ್ತ್ರದವರನ್ನು ಆರಿಸಿದುದೇ ಗಮನಾರ್ಹ. ಸಮಿತಿಯು ೧೯೮೪ರಲ್ಲಿ ವರದಿಯನ್ನು ಒಪ್ಪಿಸಿತು. ಫಲೀಕರಣವಾದ ಹದಿನಾಲ್ಕು ದಿನಗಳ ಮೇಲೆ ಮಾನವ ಭ್ರೂಣವನ್ನು ಪ್ರಯೋಗಶಾಲೆಯಲ್ಲಿ ಇರಿಸಿಕೊಳ್ಳಕೂಡದು, ಇಂಥ ಎಲ್ಲ ಕಾರ್ಯಕ್ಕೂ ಶಾಸನಬದ್ಧವಾದ ಒಂದು ಪ್ರಾಧಿಕಾರದ ಪರವಾನಗಿ ಇರಬೇಕು ಎಂಬ ಎರಡು ಸಲಹೆಗಳು ಆ ವರದಿಯ ತಿರುಳು.

೧೯೯೦ರ ಶಾಸನ ಈ ಸಲಹೆಗಳ ಫಲ. ಅದರಂತೆ ೧೯೯೧ರಲ್ಲಿ ಮಾನವ ಫಲೀಕರಣ ಮತ್ತು ಭ್ರೂಣವಿಜ್ಞಾನ ಪ್ರಾಧಿಕಾರವು ಕಾರ್ಯಾರಂಭ ಮಾಡಿತು. ಇದರ ರಚನೆಯಲ್ಲಿ ವಿವೇಕದ ಒಂದು ನಿಯಮವಿದೆ: ಅಧ್ಯಕ್ಷರು ವೈದ್ಯರಾಗಿರಕೂಡದು, ಈ ಕ್ಷೇತ್ರದ ಸಂಶೋಧಕರೂ ಆಗಿರಕೂಡದು, ಉಳಿದ ಸದಸ್ಯರಲ್ಲಿ ಅಂಥವರು ಇರಲೇಬೇಕು, ಆದರೆ ಅರ್ಧಕ್ಕಿಂತ ಕಡಮೆ ಇರಬೇಕು. ವಿದ್ಯೆ ತಿಳಿದವರ ಮಾತು ಕೇಳಬೇಕು, ತೀರ್ಮಾನ ಮಾತ್ರ ಅವರ ಕೈಯಲ್ಲಿಯೇ ಉಳಿಯಬಾರದು ಎಂಬುದು ಇದರ ಭಾವ. ಭ್ರೂಣದ ಜೀನುಗಳ ರಚನೆಯನ್ನು ಬದಲಾಯಿಸಿ ಅದನ್ನು ಚಿಕಿತ್ಸೆಗೆ ಬಳಸುವುದನ್ನು ಈ ಶಾಸನ ನಿಷೇಧಿಸಿತ್ತು.

ನ್ಯೂಕ್ಯಾಸಲ್ ವಿಶ್ವವಿದ್ಯಾನಿಲಯದಲ್ಲಿ ಡಗ್ಲಸ್ ಟರ್ನ್‌ಬುಲ್, ಮೇರಿ ಹರ್ಬರ್ಟ್ ಮೊದಲಾದವರು ಪೂರ್ವಕೇಂದ್ರಗಳ ಸಾಗಣೆಯ ಬಗ್ಗೆ ಸಂಶೋಧನೆ ನಡೆಸಲು ಮುಂದಾದಾಗ, ಪ್ರಾಧಿಕಾರವು ೨೦೦೫ರಲ್ಲಿ ಪರವಾನಗಿ ಕೊಟ್ಟಿತು. ಇದು ಸಂಶೋಧನೆಗೆ ಮಾತ್ರ. ಅಂಥ ಭ್ರೂಣವನ್ನು ಗರ್ಭಾಶಯದಲ್ಲಿ ಇಡುವಂತಿರಲಿಲ್ಲ. ೨೦೦೮ರಲ್ಲಿ ಹಳೆಯ ಶಾಸನವನ್ನು ತಿದ್ದುವ ಸಂದರ್ಭ ಬಂದಿತು. ಆಗ ಪಾರ್ಲಿಮೆಂಟು ಮಾಡಿದ ಕೆಲಸ ನಮ್ಮ ಪ್ರಸ್ತುತ ವಿಷಯದ ಕೀಲು. ಜೀನುಗಳು ಬದಲಾಗದ ಅಂಡಾಣು, ವೀರ್ಯಾಣು, ಭ್ರೂಣಗಳನ್ನು ಮಾತ್ರ ಸ್ತ್ರೀಯ ಗರ್ಭದಲ್ಲಿ ಇಡಬಹುದೆಂದು ಅದು ಸ್ಪಷ್ಟವಾಗಿ ವಿಧಿಸಿತು. ಅದರ ಬೆನ್ನಿಗೇ, ಗಂಭೀರವಾದ ಮೈಟೊಕಾಂಡ್ರಿಯ ರೋಗವನ್ನು ತಡೆಯುವ ಉದ್ದೇಶಕ್ಕೆ ಮಾತ್ರ, ಮುಂದೆ ನಿಯಮಾವಳಿಯ ಮೂಲಕ ವಿನಾಯಿತಿ ಕೊಡಬಹುದೆಂದೂ, ಆ ನಿಯಮಾವಳಿಗೆ ಪಾರ್ಲಿಮೆಂಟಿನ ಎರಡು ಸಭೆಗಳೂ ಒಪ್ಪಿಗೆ ಕೊಡಬೇಕೆಂದೂ ಸೇರಿಸಿತು. ಬಾಗಿಲನ್ನು ಮುಚ್ಚಿ ಅಗುಳಿ ಹಾಕಿ, ಕೀಲಿಕೈಯನ್ನು ತನ್ನಲ್ಲಿಯೇ ಇಟ್ಟುಕೊಂಡಂತಾಯಿತು.

೪

ಕೀಲಿಕೈಯನ್ನು ಉಪಯೋಗಿಸುವ ಮುನ್ನ ಏಳು ವರ್ಷ ವಿಚಾರಣೆ ನಡೆಯಿತು. ಸರ್ಕಾರದ ಕೋರಿಕೆಯಂತೆ ಪ್ರಾಧಿಕಾರವು ನೇಮಿಸಿದ ತಜ್ಞರ ಮಂಡಲಿಯು ೨೦೧೧, ೨೦೧೩, ೨೦೧೪ನೆಯ ಇಸವಿಗಳಲ್ಲಿ ಮೂರು ಸಲ ವೈಜ್ಞಾನಿಕ ಪರಿಶೀಲನೆ ನಡೆಸಿ, ವಿಧಾನಗಳು ಅಪಾಯಕರವೆಂದು ಹೇಳಲು ಆಧಾರವಿಲ್ಲ, ಆದರೆ ಇನ್ನೂ ಕೆಲವು ಪ್ರಯೋಗಗಳು ಆಗಬೇಕು ಎಂಬ ಅರ್ಥದ ಅಭಿಪ್ರಾಯ ಕೊಟ್ಟಿತು. ೨೦೧೨ರಲ್ಲಿ ನಫೀಲ್ಡ್ ಜೈವಿಕ ನೀತಿ ಮಂಡಲಿಯು, ವಿಧಾನವು ಸಾಕಷ್ಟು ಸುರಕ್ಷಿತವೆಂದು ಕಂಡುಬಂದಲ್ಲಿ ನೀತಿದೃಷ್ಟಿಯಿಂದ ಅದನ್ನು ಬಳಸಬಹುದೆಂದು ತೀರ್ಮಾನಿಸಿತು. ೨೦೧೨-೧೩ರಲ್ಲಿ ಪ್ರಾಧಿಕಾರವು ಸಾರ್ವಜನಿಕರ ಅಭಿಪ್ರಾಯವನ್ನು ಸಂಗ್ರಹಿಸಿತು. ೨೦೧೪ರಲ್ಲಿ ಆರೋಗ್ಯ ಇಲಾಖೆಯು ಕರಡು ನಿಯಮಾವಳಿಯನ್ನು ಜನರ ಮುಂದೆ ಇಟ್ಟಿತು.

ಈ ಹಂತದಲ್ಲಿ ಶಬ್ದಾರ್ಥದ ವಿವಾದವೊಂದು ತಲೆದೋರಿತು. ಇತಿಹಾಸದ ವಿದ್ಯಾರ್ಥಿಗಳು ಇದನ್ನು ವಿಶೇಷವಾಗಿ ಗಮನಿಸಬೇಕು. ಇದು ‘ಜೀನು ಮಾರ್ಪಾಡು’ ಹೌದೊ ಅಲ್ಲವೊ? ಬದಲಾವಣೆಯು ತಲೆಮಾರುಗಳಿಗೆ ಇಳಿಯುತ್ತದೆಂಬುದನ್ನು ಸರ್ಕಾರ ಒಪ್ಪಿಕೊಂಡಿತು; ಆದರೆ ಕೋಶಕೇಂದ್ರದ ಜೀನುಗಳನ್ನು ಮುಟ್ಟುವುದಿಲ್ಲವಾದುದರಿಂದ ಇದು ಜೀನು ಮಾರ್ಪಾಡಲ್ಲ ಎಂಬ ವ್ಯಾಖ್ಯೆಯನ್ನು ತನ್ನ ಕಾರ್ಯಕ್ಕಾಗಿ ಇಟ್ಟುಕೊಂಡಿತು. ನಫೀಲ್ಡ್ ಮಂಡಲಿಯಾದರೋ ಇದನ್ನು ಸಂತತಿಗೆ ಇಳಿಯುವ ಜೀನುಚಿಕಿತ್ಸೆಯ ಒಂದು ಬಗೆಯೆಂದೇ ಕರೆದಿತ್ತು. ವಸ್ತು ಒಂದೇ, ಹೆಸರು ಎರಡು. ಜನರಿಗೆ ಅಂಜಿಕೆ ಹುಟ್ಟಿಸುವ ಶಬ್ದವನ್ನು ತಪ್ಪಿಸಲು ವ್ಯಾಖ್ಯೆಯನ್ನು ಕಿರಿದು ಮಾಡಲಾಯಿತೆಂದು ವಿರೋಧಿಗಳು ಆಕ್ಷೇಪಿಸಿದರು. ಈ ಆಕ್ಷೇಪದಲ್ಲಿ ಹುರುಳಿದೆಯೆಂದು ನಮ್ಮ ಮತ. ವಿಧಾನವನ್ನು ಒಪ್ಪುವುದು ಯುಕ್ತವಾಗಿದ್ದರೆ ಅದರ ನಿಜವಾದ ಹೆಸರಿನಿಂದಲೇ ಒಪ್ಪಬಹುದಾಗಿತ್ತು. ಶಾಸನದಲ್ಲಿ ಹೆಸರನ್ನು ಹಗುರಮಾಡಿ ಪಡೆದ ಸಮ್ಮತಿ ಮುಂದೆ ಬೇರೊಂದು ವಿಷಯಕ್ಕೆ ಮೇಲ್ಪಂಕ್ತಿಯಾಗುವ ಭಯವುಂಟು.

೨೦೧೫ನೆಯ ಫೆಬ್ರವರಿ ೩ರಂದು ಕಾಮನ್ಸ್ ಸಭೆಯಲ್ಲಿ ನಿಯಮಾವಳಿಯ ಚರ್ಚೆ ನಡೆಯಿತು. ಪಕ್ಷದ ಕಟ್ಟಳೆಯಿಲ್ಲದೆ ಸದಸ್ಯರು ಅಂತಸ್ಸಾಕ್ಷಿಯಂತೆ ಮತ ಹಾಕಲು ಅವಕಾಶವಿತ್ತು. ಸುರಕ್ಷಿತತೆಯ ಪ್ರಯೋಗಗಳು ಇನ್ನೂ ಮುಗಿದಿಲ್ಲ. ಎರಡನೆಯ ವಿಧಾನದಲ್ಲಿ ಫಲಿತವಾದ ಒಂದು ಅಂಡಾಣುವಿನ ಕೇಂದ್ರಗಳನ್ನು ನಾಶಮಾಡಬೇಕಾಗುತ್ತದೆ. ಇಂದು ರೋಗಕ್ಕೆಂದು ತೆರೆದ ದಾರಿ ನಾಳೆ ಇಷ್ಟಬಂದ ಗುಣಗಳುಳ್ಳ ಮಕ್ಕಳನ್ನು ಪಡೆಯುವುದಕ್ಕೂ ದಾರಿಯಾಗಬಹುದು ಎಂದು ವಿರೋಧಪಕ್ಷದ ವಾದ. ರೋಗದಿಂದ ಮಕ್ಕಳನ್ನು ಕಳೆದುಕೊಂಡ ಕುಟುಂಬಗಳಿಗೆ ಕಾಯಿರೆಂದು ಎಷ್ಟು ಕಾಲ ಹೇಳುವುದು ಎಂಬುದು ಅನುಮೋದಕರ ವಾದ. ೧೨೮ಕ್ಕೆ ಎದುರಾಗಿ ೩೮೨ ಮತಗಳಿಂದ ನಿಯಮಾವಳಿ ಅಂಗೀಕೃತವಾಯಿತು. ಅದೇ ತಿಂಗಳ ೨೪ರಂದು ಪ್ರಭುಗಳ ಸಭೆಯಲ್ಲಿ ೪೮ಕ್ಕೆ ಎದುರಾಗಿ ೨೮೦ ಮತಗಳು ಸರ್ಕಾರದ ಪಕ್ಷಕ್ಕೆ ಬಿದ್ದವು. ಆ ವರ್ಷದ ಅಕ್ಟೋಬರ್ ೨೯ರಂದು ನಿಯಮಾವಳಿ ಜಾರಿಗೆ ಬಂದಿತು.

೫

ಪಾರ್ಲಿಮೆಂಟಿನ ಒಪ್ಪಿಗೆಯಾದೊಡನೆ ವೈದ್ಯರು ಕೈಗೆ ಉಪಕರಣ ತೆಗೆದುಕೊಂಡರೆಂದು ತಿಳಿಯಬಾರದು. ನಿಯಮಾವಳಿಯು ಇನ್ನೂ ಮೂರು ಮೆಟ್ಟಿಲುಗಳನ್ನು ಕಟ್ಟಿತ್ತು. ಮೊದಲನೆಯದು, ವಿಧಾನವು ಬಳಕೆಗೆ ಸಿದ್ಧವೆಂದು ಪ್ರಾಧಿಕಾರಕ್ಕೆ ತೃಪ್ತಿಯಾಗಬೇಕು. ನಾಲ್ಕನೆಯ ವೈಜ್ಞಾನಿಕ ಪರಿಶೀಲನೆಯ ಆಧಾರದ ಮೇಲೆ, ಭ್ರೂಣಪರೀಕ್ಷೆಯಿಂದ ಪ್ರಯೋಜನ ಕಾಣದವರಿಗೆ ಮಾತ್ರ ಎಚ್ಚರಿಕೆಯಿಂದ ಬಳಸಬಹುದೆಂದು ಪ್ರಾಧಿಕಾರವು ೨೦೧೬ರ ಡಿಸೆಂಬರಿನಲ್ಲಿ ನಿರ್ಧರಿಸಿತು. ಎರಡನೆಯದು, ಚಿಕಿತ್ಸಾಲಯವು ಪ್ರತ್ಯೇಕವಾಗಿ ಪರವಾನಗಿ ಪಡೆಯಬೇಕು. ಕೆಲಸ ಮಾಡುವವರ ಕೈಚಳಕವನ್ನೂ ಪ್ರಾಧಿಕಾರ ಪರೀಕ್ಷಿಸುತ್ತದೆ. ೨೦೧೭ರ ಮಾರ್ಚಿಯಲ್ಲಿ ನ್ಯೂಕ್ಯಾಸಲಿನ ಕೇಂದ್ರಕ್ಕೆ ಮೊದಲ ಪರವಾನಗಿ ದೊರೆಯಿತು. ಮೂರನೆಯದು, ಪ್ರತಿಯೊಬ್ಬ ಸ್ತ್ರೀಯ ವಿಷಯವೂ ಬೇರೆಬೇರೆಯಾಗಿ ಪ್ರಾಧಿಕಾರದ ಸಮಿತಿಯ ಮುಂದೆ ಬರಬೇಕು. ಆಕೆಯ ಅಂಡಾಣುವಿನಲ್ಲಿ ದೋಷವಿರುವ ವಿಶೇಷ ಸಂಭವ ಉಂಟೆ, ಆ ದೋಷದಿಂದ ಮಗುವಿಗೆ ಗಂಭೀರ ರೋಗ ಬರುವ ಅಪಾಯ ಗಣನೀಯವೆ ಎಂಬ ಎರಡು ಪ್ರಶ್ನೆಗಳಿಗೂ ಹೌದೆಂಬ ಉತ್ತರ ಬಂದರೆ ಮಾತ್ರ ಅನುಮತಿ. ಇಂಥ ಮೊದಲ ಅನುಮತಿಗಳು ೨೦೧೮ರಲ್ಲಿ ಹೊರಬಿದ್ದವು. ೨೦೨೫ರ ಜುಲೈ ವೇಳೆಗೆ ಅವುಗಳ ಸಂಖ್ಯೆ ೩೫ಕ್ಕೆ ಏರಿತ್ತು.

ತಾಯ್ತನದ ಪ್ರಶ್ನೆಯನ್ನೂ ನಿಯಮಾವಳಿ ಬಿಡಿಸಿತು. ಬೀಜವು ಮುಖ್ಯವೊ ಕ್ಷೇತ್ರವು ಮುಖ್ಯವೊ, ಮಗು ಯಾರಿಗೆ ಸೇರಬೇಕು ಎಂದು ನಮ್ಮ ಧರ್ಮಶಾಸ್ತ್ರಕಾರರು ಬಹು ಹಿಂದೆಯೇ ಚರ್ಚಿಸಿದ್ದರು. ಆ ಜಿಜ್ಞಾಸೆಯೇ ಇಲ್ಲಿ ಹೊಸ ರೂಪದಲ್ಲಿ ಬಂದಿತೆನ್ನಬಹುದು. ಬ್ರಿಟನ್ನಿನ ನಿಯಮದಂತೆ ಮೈಟೊಕಾಂಡ್ರಿಯ ದಾನಿಯು ಮಗುವಿನ ತಾಯಿಯೆನಿಸುವುದಿಲ್ಲ. ಮಗು ಹದಿನಾರು ವರ್ಷ ತುಂಬಿದ ಮೇಲೆ ದಾನಿಯ ವಿಷಯವಾಗಿ ಕೆಲವು ಸಂಗತಿಗಳನ್ನು ಕೇಳಿ ತಿಳಿಯಬಹುದು. ಆಕೆ ಯಾರೆಂಬುದನ್ನು ತಿಳಿಯುವಂತಿಲ್ಲ. ಹೀಗಿರಲಾಗಿ, ‘ಮೂವರು ತಂದೆತಾಯಿಗಳು’ ಎಂಬ ಪತ್ರಿಕೆಗಳ ಮಾತು ಜೀನುಗಳ ಲೆಕ್ಕದಲ್ಲಿ ಸ್ವಲ್ಪ ನಿಜ, ಕಾನೂನಿನ ಲೆಕ್ಕದಲ್ಲಿ ಪೂರ್ತಿ ಸುಳ್ಳು.

೬

ಈ ಕ್ರಮದ ಬೆಲೆಯನ್ನು ತಿಳಿಯಬೇಕಾದರೆ ಅದಿಲ್ಲದ ಕಡೆ ಏನಾಯಿತೆಂಬುದನ್ನು ನೋಡಬೇಕು. ಅಮೆರಿಕದಲ್ಲಿ ೧೯೯೦ರ ದಶಕದ ಕೊನೆಯಲ್ಲಿ, ನ್ಯೂಜರ್ಸಿಯ ಒಂದು ಚಿಕಿತ್ಸಾಲಯವು ಬಂಜೆತನದ ನಿವಾರಣೆಗಾಗಿ ದಾನಿಯ ಅಂಡಾಣುವಿನ ಕೋಶರಸವನ್ನು ಸೇರಿಸುವ ವಿಧಾನವನ್ನು ಬಳಸಿ, ೧೯೯೭ರಿಂದ ಮಕ್ಕಳು ಹುಟ್ಟಿದವು. ಆ ದೇಶದ ಆಹಾರ ಮತ್ತು ಔಷಧ ಆಡಳಿತವು ೨೦೦೧ರಲ್ಲಿ ಪತ್ರ ಬರೆದು, ತನ್ನ ಅನುಮತಿಯಿಲ್ಲದೆ ಇದನ್ನು ಮುಂದುವರಿಸಕೂಡದೆಂದಿತು. ಅಲ್ಲಿಗೆ ಅದು ನಿಂತಿತು. ೨೦೧೫ರ ಡಿಸೆಂಬರಿನಲ್ಲಿ ಅಮೆರಿಕದ ಕಾಂಗ್ರೆಸ್ಸು ಆಯವ್ಯಯದ ಮಸೂದೆಗೆ ಒಂದು ಷರತ್ತನ್ನು ಸೇರಿಸಿ, ಭ್ರೂಣದಲ್ಲಿ ಸಂತತಿಗೆ ಇಳಿಯುವ ಬದಲಾವಣೆ ಮಾಡುವ ಚಿಕಿತ್ಸೆಯ ಅರ್ಜಿಯನ್ನು ಆ ಆಡಳಿತವು ಪರಿಶೀಲಿಸುವುದನ್ನೇ ತಡೆಯಿತು. ಅಂದರೆ, ನಿಷೇಧವೆಂದು ನೇರವಾಗಿ ಹೇಳದೆ, ಅರ್ಜಿಯನ್ನು ಓದುವ ಕಣ್ಣನ್ನು ಮುಚ್ಚಲಾಯಿತು.

ಇದರ ಪರಿಣಾಮ ತಡವಾಗದೆ ಕಂಡುಬಂದಿತು. ಮೈಟೊಕಾಂಡ್ರಿಯ ದೋಷದಿಂದ ಇಬ್ಬರು ಮಕ್ಕಳನ್ನು ಕಳೆದುಕೊಂಡಿದ್ದ ಜೋರ್ಡಾನ್ ದೇಶದ ದಂಪತಿಗಳಿಗೆ, ನ್ಯೂಯಾರ್ಕಿನ ವೈದ್ಯ ಜಾನ್ ಝಾಂಗ್ ಅವರ ತಂಡವು ಮೆಕ್ಸಿಕೋ ದೇಶದಲ್ಲಿ ಭ್ರೂಣವನ್ನು ಗರ್ಭಾಶಯದಲ್ಲಿ ಇರಿಸಿತು. ೨೦೧೬ರ ಏಪ್ರಿಲಿನಲ್ಲಿ ಗಂಡುಮಗು ಹುಟ್ಟಿತು. ಆ ದೇಶವನ್ನು ಆರಿಸಿದ ಕಾರಣ, ಅಲ್ಲಿ ಈ ವಿಷಯವಾಗಿ ನಿಯಮಗಳಿರಲಿಲ್ಲ ಎಂಬುದೇ. ಈ ಕುಟುಂಬದ ದುಃಖ ನಿಜ, ವೈದ್ಯರ ಕೌಶಲವೂ ನಿಜ. ಆದರೆ ಮಗುವಿನ ಮುಂದಿನ ಆರೋಗ್ಯವನ್ನು ವರ್ಷವರ್ಷವೂ ನೋಡಿ ದಾಖಲಿಸಬೇಕಾದ ಹೊಣೆ ಯಾವ ಸಂಸ್ಥೆಯ ಮೇಲೂ ಬೀಳಲಿಲ್ಲ. ಚಿಕಿತ್ಸೆಯು ಒಂದು ಮಗುವಿಗೆ ಒದಗಿತು. ಅದರಿಂದ ಬರಬೇಕಾಗಿದ್ದ ಜ್ಞಾನ ಮುಂದಿನ ಮಕ್ಕಳಿಗೆ ಒದಗಲಿಲ್ಲ. ನಿಯಮವಿಲ್ಲದಿರುವುದರ ಮುಖ್ಯ ನಷ್ಟ ಇದೇ ಎಂದು ನಾವು ಭಾವಿಸುತ್ತೇವೆ.

ಬ್ರಿಟನ್ನಿನ ಮಾರ್ಗವನ್ನು ಅನುಸರಿಸಿದ ದೇಶ ಆಸ್ಟ್ರೇಲಿಯ. ೨೦೨೨ರಲ್ಲಿ ಅಲ್ಲಿಯ ಪಾರ್ಲಿಮೆಂಟು, ಈ ರೋಗವುಳ್ಳ ಮಗುವೊಂದರ ಹೆಸರಿನಿಂದ ‘ಮೇವಳ ಶಾಸನ’ವೆಂದು ಕರೆಯಲ್ಪಡುವ ಶಾಸನವನ್ನು ಅಂಗೀಕರಿಸಿತು. ಮೊದಲು ಸಂಶೋಧನೆ ಮತ್ತು ವೈದ್ಯಕೀಯ ಪ್ರಯೋಗ, ಅದು ಸಫಲವಾದರೆ ಮಾತ್ರ ಸಾಮಾನ್ಯ ಬಳಕೆ ಎಂದು ಅದು ಹಂತಗಳನ್ನು ಗೊತ್ತುಪಡಿಸಿತು. ದಾನಿಯ ವಿಷಯದಲ್ಲಿ ಮಾತ್ರ ಅದರ ಉತ್ತರ ಬೇರೆ: ಮಗು ಹದಿನೆಂಟು ವರ್ಷ ತುಂಬಿದ ಮೇಲೆ ದಾನಿ ಯಾರೆಂಬುದನ್ನೂ ತಿಳಿಯಬಹುದು. ಒಂದೇ ವಿಜ್ಞಾನದಿಂದ ಎರಡು ಶಾಸನಗಳು ಹುಟ್ಟಬಹುದೆಂಬುದಕ್ಕೆ ಇದು ನಿದರ್ಶನ.

೭

ಬ್ರಿಟನ್ನಿನ ಪ್ರಯತ್ನದ ಫಲಿತಾಂಶ ೨೦೨೫ರ ಜುಲೈ ತಿಂಗಳಲ್ಲಿ ವೈದ್ಯಪತ್ರಿಕೆಯಲ್ಲಿ ಪ್ರಕಟವಾಯಿತು. ಪೂರ್ವಕೇಂದ್ರಗಳ ಸಾಗಣೆಗೆ ಒಳಗಾದ ೨೨ ಮಂದಿ ಸ್ತ್ರೀಯರಲ್ಲಿ ಏಳು ಮಂದಿಗೆ ಎಂಟು ಮಕ್ಕಳು ಹುಟ್ಟಿದ್ದರು. ನಾಲ್ಕು ಗಂಡು, ನಾಲ್ಕು ಹೆಣ್ಣು, ಅವರಲ್ಲಿ ಒಂದು ಜೊತೆ ಅವಳಿಗಳು. ಎಲ್ಲ ಮಕ್ಕಳೂ ಹುಟ್ಟಿದಾಗ ಆರೋಗ್ಯವಾಗಿದ್ದುವು. ತಾಯಿಯ ದೋಷಯುಕ್ತ ಮೈಟೊಕಾಂಡ್ರಿಯ ಜೀನುಗಳು ಕೆಲವು ಮಕ್ಕಳ ರಕ್ತದಲ್ಲಿ ಕಾಣಲೇ ಇಲ್ಲ. ಕಂಡವರಲ್ಲಿ ಅತ್ಯಧಿಕ ಪ್ರಮಾಣ ನೂರಕ್ಕೆ ೧೬. ರೋಗವುಂಟುಮಾಡುವ ಮಿತಿಗಿಂತ ಇದು ಬಹಳ ಕೆಳಗೆ.

ಆದರೂ ನೆಮ್ಮದಿಯಿಂದ ಕಣ್ಣು ಮುಚ್ಚುವಂತಿಲ್ಲ. ಸಾಗಣೆಯ ಕಾಲದಲ್ಲಿ ಅಂಟಿಕೊಂಡು ಬಂದ ತಾಯಿಯ ಅಲ್ಪ ಮೈಟೊಕಾಂಡ್ರಿಯಗಳು ಮುಂದೆ ಹೆಚ್ಚಬಹುದೆಂಬ ಶಂಕೆ ಬರಿಯ ಕಲ್ಪನೆಯಲ್ಲ. ಗ್ರೀಸ್ ದೇಶದಲ್ಲಿ ಬಂಜೆತನದ ನಿವಾರಣೆಗಾಗಿ ಇಂಥ ವಿಧಾನವನ್ನು ಬಳಸಿ ಹುಟ್ಟಿದ ಆರು ಮಕ್ಕಳಲ್ಲಿ, ಒಂದರಲ್ಲಿ ತಾಯಿಯ ಅಂಶ ನೂರಕ್ಕೆ ೩೦ರಿಂದ ೬೦ರ ವರೆಗೆ ಏರಿದ್ದುದು ೨೦೨೩ರ ವರದಿಯಿಂದ ತಿಳಿದುಬಂದಿದೆ. ಅಲ್ಲಿ ತಾಯಿಗೆ ರೋಗವಿಲ್ಲದುದರಿಂದ ಮಗುವಿಗೆ ಆ ಭಯವಿರಲಿಲ್ಲ. ರೋಗವಿದ್ದ ತಾಯಿಯ ಮಗುವಿನಲ್ಲಿ ಹೀಗಾದರೆ ಚಿಕಿತ್ಸೆಯ ಉದ್ದೇಶವೇ ಕೆಡುತ್ತದೆ. ಆದುದರಿಂದ ಮಕ್ಕಳನ್ನು ಬಹುಕಾಲ ನೋಡುತ್ತಿರುವುದು ಅವಶ್ಯಕ. ಚಿಕಿತ್ಸಾಲಯವು ಅದಕ್ಕೆ ಏರ್ಪಾಡು ಮಾಡಲೇಬೇಕೆಂದು ಪ್ರಾಧಿಕಾರ ವಿಧಿಸಬಹುದು. ಮಗುವನ್ನು ಕರೆತರಲೇಬೇಕೆಂದು ತಂದೆತಾಯಿಗಳನ್ನು ಬಲಾತ್ಕರಿಸಲಾರದು. ರಾಜ್ಯದ ಮೇಲ್ವಿಚಾರಣೆ ಇಲ್ಲಿ ತನ್ನ ಎಲ್ಲೆಯನ್ನು ಮುಟ್ಟುತ್ತದೆ. ಅದರಿಂದಾಚೆಗೆ ನಡೆಯುವುದೆಲ್ಲ ವಿಶ್ವಾಸದ ಮೇಲೆ.

೨೦೦೮ರಲ್ಲಿ ಅಧಿಕಾರ ಸೃಷ್ಟಿಯಾಗಿ, ೨೦೨೫ರಲ್ಲಿ ಫಲಿತಾಂಶ ಹೊರಬರುವುದಕ್ಕೆ ಹದಿನೇಳು ವರ್ಷ ಹಿಡಿಯಿತು. ಈ ಅವಧಿಯಲ್ಲಿ ಎಷ್ಟೋ ಸ್ತ್ರೀಯರಿಗೆ ಮಕ್ಕಳನ್ನು ಪಡೆಯುವ ವಯಸ್ಸು ದಾಟಿಹೋಗಿರಬೇಕು. ನಿಧಾನಕ್ಕೂ ಬೆಲೆಯುಂಟು, ಆ ಬೆಲೆಯನ್ನು ತೆತ್ತವರು ಶಾಸನ ಮಾಡಿದವರಲ್ಲ. ಇದನ್ನು ಒಪ್ಪಿಕೊಂಡೇ ನಾವು ಬ್ರಿಟನ್ನಿನ ಕ್ರಮವನ್ನು ಮೆಚ್ಚಬೇಕಾಗಿದೆ. ಅದರ ಸಾರವು ಪ್ರಶ್ನೆಯನ್ನು ಭಾಗಮಾಡಿದುದರಲ್ಲಿದೆ: ಇಂಥ ಕಾರ್ಯ ನಮ್ಮ ಸಮಾಜದಲ್ಲಿ ನಡೆಯಬಹುದೆ ಎಂಬುದನ್ನು ಪಾರ್ಲಿಮೆಂಟು ತೀರ್ಮಾನಿಸಿತು, ಯಾವಾಗ, ಎಲ್ಲಿ, ಯಾರಿಗೆ ಎಂಬುದನ್ನು ಪ್ರಾಧಿಕಾರ ತೀರ್ಮಾನಿಸಿತು, ಬೇಕೆ ಬೇಡವೆ ಎಂಬುದು ತಾಯಿಗೆ ಉಳಿಯಿತು. ತಜ್ಞನು ಶಾಸನಕರ್ತನಾಗಲಿಲ್ಲ, ಶಾಸನಕರ್ತನು ವೈದ್ಯನಾಗಲಿಲ್ಲ. ಆದರೆ ಈ ಮೂವರಲ್ಲಿ ಯಾರೂ ಕೇಳಲಾಗದ ಒಬ್ಬರ ಮಾತು ಉಳಿದೇ ಇದೆ. ಆ ಎಂಟು ಮಕ್ಕಳು ದೊಡ್ಡವರಾಗಿ, ತಮ್ಮ ಪರವಾಗಿ ಇತರರು ಮಾಡಿದ ನಿರ್ಣಯವನ್ನು ತಾವೇ ವಿಚಾರಮಾಡುವ ದಿನ ಬಂದಾಗ, ಇದರ ಇತಿಹಾಸವನ್ನು ಬರೆಯುವವರಿಗೆ ಮುಖ್ಯವಾದ ಸಾಕ್ಷ್ಯ ದೊರೆಯುತ್ತದೆ.